ಯುದ್ಧಕಾಲದ ಕ್ರಿಪ್ಟೊ ದೇಣಿಗೆ: ಅದು ಸರ್ಕಾರದ ಅಂಗೀಕಾರವೇ ಎಂದು ಪರಿಶೀಲಿಸುವ ಬಗೆ

ಯಾವುದೋ ದೇಶ ಬಿಟ್‌ಕಾಯಿನ್ ರೂಪದಲ್ಲಿ ದೇಣಿಗೆ ಪಡೆದರೆ ಸಾಕು, ಆ ದೇಶ ಕ್ರಿಪ್ಟೊವನ್ನು, ಅಂದರೆ ಇಂತಹ ಡಿಜಿಟಲ್ ಹಣವನ್ನು, ಅಂಗೀಕರಿಸಿತು ಎಂದು ಬರೆದುಬಿಡುವವರಿದ್ದಾರೆ. ಅಂತಹ ತೀರ್ಮಾನಕ್ಕೆ ಮುನ್ನ ಏನನ್ನು ನೋಡಬೇಕೆಂಬುದನ್ನು ಉಕ್ರೇನಿನ ಪ್ರಕರಣವನ್ನೇ ಮುಂದಿಟ್ಟುಕೊಂಡು ಪರಿಶೀಲಿಸಬಹುದು.

ಮೊದಲು, ದೇಣಿಗೆ ಕೇಳಿದವರು ಯಾರೆಂದು ಖಚಿತಪಡಿಸಿಕೊಳ್ಳಿ. 2022ರ ಫೆಬ್ರುವರಿ 26ರಂದು ಉಕ್ರೇನಿನ ಅಧಿಕೃತ ಟ್ವಿಟರ್ ಖಾತೆಯೇ ಬಿಟ್‌ಕಾಯಿನ್ ಮತ್ತು ಎಥೀರಿಯಮ್ (ಇನ್ನೊಂದು ಕ್ರಿಪ್ಟೊ ಹಣ) ಕಳುಹಿಸಬೇಕಾದ ವ್ಯಾಲೆಟ್ ವಿಳಾಸಗಳನ್ನು ಪ್ರಕಟಿಸಿತ್ತು. ಖಾತೆ ಹ್ಯಾಕ್ ಆಗಿರಬಹುದೆಂದು ಕೆಲವರು ಶಂಕಿಸಿದರೂ, ಡಿಜಿಟಲ್ ವ್ಯವಹಾರಗಳ ಸಚಿವ ಮಿಖೈಲೊ ಫೆಡೊರೊವ್ ಅದೇ ಮನವಿಯನ್ನು ತಾವೂ ಮಾಡಿದ್ದರಿಂದ, ಕೈಚಾಚಿದ್ದು ಸರ್ಕಾರವೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಆನಂತರ ಹಣದ ಜಾಡು ಹಿಡಿಯಬೇಕು; ಹೆಚ್ಚು ಹೊತ್ತು ವ್ಯಯಿಸಬೇಕಾದದ್ದು ಇಲ್ಲಿಯೇ. ಮಾರ್ಚ್‌ನಲ್ಲಿ ಆರಂಭವಾದ 'ಏಡ್ ಫಾರ್ ಉಕ್ರೇನ್' ವ್ಯವಸ್ಥೆಯಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರವು ಬಂದ ಕ್ರಿಪ್ಟೊವನ್ನು ಸಾಮಾನ್ಯ ಕರೆನ್ಸಿಗೆ ಪರಿವರ್ತಿಸಿ ಉಕ್ರೇನಿನ ರಾಷ್ಟ್ರೀಯ ಬ್ಯಾಂಕಿಗೆ ಕಳುಹಿಸುತ್ತಿತ್ತು. ಅಂದರೆ, ಆ ದಾರಿಯಲ್ಲಿ ಬಂದ ದೇಣಿಗೆ ಬೊಕ್ಕಸ ಸೇರುವಾಗ ಕ್ರಿಪ್ಟೊ ಆಗಿ ಉಳಿದಿರಲಿಲ್ಲ. ಆದರೆ ಸೇನೆಗೆ ಸಾಮಗ್ರಿ ಒದಗಿಸಿದ ಕೆಲವು ಮಾರಾಟಗಾರರು ನೇರವಾಗಿ ಕ್ರಿಪ್ಟೊದಲ್ಲಿಯೇ ಪಾವತಿ ಪಡೆದರು. ಇದು ಬರಿಯ ಸ್ವೀಕಾರಕ್ಕಿಂತ ಒಂದು ಹೆಜ್ಜೆ ಮುಂದಿನದು ಎಂದು ಒಪ್ಪಲೇಬೇಕು. ಆದರೂ ಅದು ನಿಂತಿದ್ದದ್ದು ಮಾರಾಟಗಾರನ ಒಪ್ಪಿಗೆಯ ಮೇಲೆ, ಕಾನೂನಿನ ಕಡ್ಡಾಯದ ಮೇಲಲ್ಲ.

ಕಾನೂನನ್ನು ಶೀರ್ಷಿಕೆಯಿಂದ ಅಳೆಯಬೇಡಿ. ಅಧ್ಯಕ್ಷ ಝೆಲೆನ್‌ಸ್ಕಿ ಮಾರ್ಚ್ 16ರಂದು ಸಹಿ ಹಾಕಿದ ವರ್ಚುವಲ್ ಆಸ್ತಿಗಳ (ಕ್ರಿಪ್ಟೊದಂಥ ಡಿಜಿಟಲ್ ಆಸ್ತಿಗಳ) ಕಾಯ್ದೆಯು ಮಾರುಕಟ್ಟೆಯ ನಿಯಂತ್ರಣಕ್ಕೆ ಸಂಬಂಧಿಸಿದ್ದು. ತೆರಿಗೆ ಸಂಹಿತೆಯ ತಿದ್ದುಪಡಿಯಾಗುವವರೆಗೆ ಅದು ಜಾರಿಗೂ ಬರುವಂತಿರಲಿಲ್ಲ. ಉಕ್ರೇನಿನ ಕರೆನ್ಸಿಯಾದ ಹ್ರಿವ್ನಿಯಾ ಒಂದೇ ಅಲ್ಲಿನ ಶಾಸನಬದ್ಧ ನಾಣ್ಯವಾಗಿ, ಅಂದರೆ ಪಾವತಿಗೆ ಕಾನೂನು ಮಾನ್ಯ ಮಾಡಿದ ಹಣವಾಗಿ, ಮುಂದುವರಿಯಿತು. ಅದೇ ವರ್ಷ ಭಾರತವೂ ಕ್ರಿಪ್ಟೊ ಲಾಭಕ್ಕೆ ಶೇ 30ರ ತೆರಿಗೆ ವಿಧಿಸಿತು. ಅದನ್ನು ಮಾನ್ಯತೆ ಎಂದು ಓದುವುದೂ ಇಂಥದೇ ಅವಸರ.

ಹೋಲಿಕೆಗೆ ಎಲ್ ಸಾಲ್ವಡಾರ್ ಇರಲಿ. 2021ರ ಸೆಪ್ಟೆಂಬರ್ 7ರಿಂದ ಅಲ್ಲಿ ಬಿಟ್‌ಕಾಯಿನ್ ಶಾಸನಬದ್ಧ ನಾಣ್ಯವಾಯಿತು, ತೆರಿಗೆಯನ್ನೂ ಅದರಲ್ಲಿ ಕಟ್ಟಬಹುದಾಗಿತ್ತು. ಅಂಗೀಕಾರವೆಂಬ ಮಾತು ಅದಕ್ಕೆ ಸಲ್ಲುತ್ತದೆ, 2025ರಲ್ಲಿ ಅದರ ಕಡ್ಡಾಯವನ್ನು ಕೈಬಿಟ್ಟರೂ.

ಕೊನೆಯದಾಗಿ, ದೇಣಿಗೆ ಪಡೆದ ದೇಶದ ಕೇಂದ್ರ ಬ್ಯಾಂಕ್ ತನ್ನ ಪ್ರಜೆಗಳಿಗೆ ಏನು ಹೇಳುತ್ತಿದೆ ಎಂದು ನೋಡಿ. ಜಗತ್ತಿನಿಂದ ಕ್ರಿಪ್ಟೊ ದೇಣಿಗೆ ಹರಿದುಬರುತ್ತಿದ್ದ 2022ರ ಏಪ್ರಿಲಿನಲ್ಲಿಯೇ ಉಕ್ರೇನಿನ ರಾಷ್ಟ್ರೀಯ ಬ್ಯಾಂಕ್, ದೇಶದ ಹಣ ಹೊರಹೋಗದಿರಲೆಂದು, ಹ್ರಿವ್ನಿಯಾ ಖಾತೆಗಳಿಂದ ಕ್ರಿಪ್ಟೊ ಕೊಳ್ಳುವುದನ್ನು ನಿರ್ಬಂಧಿಸಿತು.