ಆನ್‌ಲೈನ್ ಇಂಗ್ಲಿಷ್ ಕ್ಲಾಸ್: ನಮ್ಮ ದೂರು ಒಂದು, ವಿದ್ಯಾರ್ಥಿಗಳದು ಇನ್ನೊಂದು

ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. 2020ರಲ್ಲಿ ಕೋವಿಡ್‌ನಿಂದ ಕ್ಲಾಸ್‌ರೂಮು ಮುಚ್ಚಿದಾಗ ಎಲ್ಲರ ಹಾಗೆ ನಾನೂ ಜೂಮ್‌ಗೆ ಹೋದೆ. ಈಗ ಲೈವ್ ಪಾಠ ಬಿಟ್ಟಿದ್ದೇನೆ, ಉಳಿದ ಆನ್‌ಲೈನ್ ಕೆಲಸ ಇಟ್ಟುಕೊಂಡಿದ್ದೇನೆ.

ಲೈವ್ ಪಾಠದ ಬಗ್ಗೆ ನಮ್ಮ ಸ್ಟಾಫ್ ರೂಮಿನ ದೂರು ಒಂದೇ: ಕ್ಯಾಮೆರಾ ಆಫ್, ಮೈಕ್ ಮ್ಯೂಟ್, ಗೋಡೆಗೆ ಪಾಠ ಹೇಳಿದ ಹಾಗೆ. ವಿದ್ಯಾರ್ಥಿಗಳಿಗೆ ಹೆಸರು ಬರೆಯದೆ ತುಂಬುವ ಫಾರಂ ಕೊಟ್ಟು ಕೇಳಿದೆ. ತಪ್ಪು ಇಂಗ್ಲಿಷ್ ಮಾತಾಡಿದರೆ ಅದು ರೆಕಾರ್ಡ್ ಆಗಿ ಉಳಿಯುತ್ತೆ ಅನ್ನೋ ಭಯ, ಪಕ್ಕದ ರೂಮಿನಲ್ಲಿ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ ಅನ್ನೋ ಮುಜುಗರ, ಅದರ ಮೇಲೆ ಡೇಟಾ ಖಾಲಿ. ನಾವು ಅದನ್ನು ಸೋಮಾರಿತನ ಅಂದುಕೊಂಡಿದ್ದೆವು ಅಷ್ಟೇ.

ಅವರಿಗೆ ಬೇಕಿದ್ದದ್ದು ಯೋಚಿಸೋಕೆ ಸಮಯ. ಆನ್‌ಲೈನ್ ಪಾಠ ನಡೆಸುವ ತಾಣ ಮೂಡಲ್‌ನಲ್ಲಿ ಪ್ರಶ್ನೋತ್ತರ ಫೋರಂ ಅಂತ ಒಂದಿದೆ, ತಾನು ಬರೆಯುವ ತನಕ ಬೇರೆಯವರ ಉತ್ತರ ಕಾಣಿಸುವುದಿಲ್ಲ. ಬರೆದ ಮೇಲೂ ತಿದ್ದುವ ಅವಧಿ ಮುಗಿಯಬೇಕು, ಸಾಮಾನ್ಯವಾಗಿ 30 ನಿಮಿಷ. ಹಾಗಾಗಿ ಮೊದಲು ಬರೆದ ಜಾಣನ ಉತ್ತರವನ್ನೇ ಉಳಿದವರು ತಿರುಗಿಸಿ ಬರೆಯೋದು ನಿಂತಿತು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಒಂದು ಕವಿತೆಯ ಕೊನೆಯ ಸಾಲು ಯಾಕೆ ಸುಳ್ಳು ಅನ್ನಿಸುತ್ತೆ ಅಂತ ನಾಲ್ಕು ಪ್ಯಾರಾ ವಾದ ಮಾಡಿದ್ದಳು. ಗ್ರಾಮರ್ ಅಲ್ಲಲ್ಲಿ ಎಡವಿತ್ತು, ವಾದ ಎಲ್ಲೂ ಎಡವಿರಲಿಲ್ಲ.

ಪ್ರಬಂಧ ತಿದ್ದುವಾಗ ಕೆಂಪು ಗುರುತು ಕಮ್ಮಿ ಮಾಡಿ ಎರಡು ನಿಮಿಷದ ಆಡಿಯೋ ಕಳಿಸತೊಡಗಿದೆ. ಅದನ್ನು ಕೇಳಿ ಮತ್ತೆ ಬರೆದವರು ಜಾಸ್ತಿ. ಒಂದೇ ಸಲಕ್ಕೆ ಮೂರು ತಪ್ಪಿಗಿಂತ ಹೆಚ್ಚು ಹೇಳೋಲ್ಲ.

2022ರ ಕೊನೆಗೆ ಚಾಟ್‌ಜಿಪಿಟಿ ಬಂತಲ್ಲ, ಆಮೇಲೆ ಫೋರಂನ ಇಂಗ್ಲಿಷ್ ಇದ್ದಕ್ಕಿದ್ದಂತೆ ನಯವಾಯಿತು. ಎಐ ಬರೆದದ್ದನ್ನು ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗಳನ್ನು ನಾನು ನಂಬೋಲ್ಲ, ಸ್ವಂತವಾಗಿ ಬರೆದವರನ್ನೂ ಅವು ಹಿಡಿದುಹಾಕುತ್ತವೆ. ಅದರ ಬದಲು, ಬರೆದದ್ದನ್ನು ಮರುದಿನ ಕ್ಲಾಸಿನಲ್ಲಿ ಚೀಟಿ ನೋಡದೆ ವಿವರಿಸಬೇಕು. ಫೋರಂನಲ್ಲಿ ಮೊದಲೇ ಯೋಚಿಸಿ ಬಂದವರು ಅಲ್ಲಿ ಧೈರ್ಯವಾಗಿ ಮಾತಾಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆಯವರ ಗೊಣಗಾಟ ಒಂದೇ: ಕೆಲಸ ಜಾಸ್ತಿ. ಅವರಿಗೆ ಒಂದೊಂದು ವಿಷಯಕ್ಕೂ ಒಂದೊಂದು ಲಿಂಕು, ಒಂದೊಂದು ಗಡುವು. ನಮಗೆ ರಾತ್ರಿ ಕೂತು ರೆಕಾರ್ಡ್ ಮಾಡಿದ ಆಡಿಯೋ ಯಾವ ವರ್ಕ್‌ಲೋಡ್ ಲೆಕ್ಕಕ್ಕೂ ಬರೋಲ್ಲ. ಸದ್ಯಕ್ಕೆ ವಾರಕ್ಕೆ ಒಂದೇ ಆನ್‌ಲೈನ್ ಕೆಲಸ ಕೊಡುತ್ತಿದ್ದೇನೆ.