ಬೆಳಗಾವಿಯಿಂದ ಸಿಂಗಪುರದ ರಾಕ್ ಶೋಗೆ: ನಾಲ್ಕು ದಿನದ ಪ್ಲ್ಯಾನ್ ಹೀಗಿರಲಿ

ಹಾಡು ಕೇಳಲು ಊರು ಬಿಟ್ಟು ಹೋಗುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಡಿಸೆಂಬರ್ ಬಂತೆಂದರೆ ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ರೈಲು ಹತ್ತುವವರು ಇಲ್ಲಿ ಇಂದಿಗೂ ಇದ್ದಾರೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದವರೂ ಇದ್ದಾರೆ. ಆದರೂ ಸಿಂಗಪುರ ಅಂದ ಕೂಡಲೇ ಮನೆಯಲ್ಲಿ ಕೇಳುತ್ತಾರೆ, 'ಹಾಡ ಕೇಳಾಕ ಅಷ್ಟ್ ದೂರ ಹೋಗಬೇಕೇನಪಾ?' ಹೋಗಬೇಕು. ದೊಡ್ಡ ಬ್ಯಾಂಡ್‌ಗಳು ಏಷ್ಯಾಕ್ಕೆ ಬಂದರೂ ಎಲ್ಲವೂ ಭಾರತಕ್ಕೆ ಬರುವುದಿಲ್ಲ. ಹದಿನೈದು ವರ್ಷ ಇಯರ್‌ಫೋನಿನಲ್ಲಿ ಕೇಳಿದ ಡ್ರಮ್ಮು ಎದೆಗೆ ಬಂದು ಬಡಿಯುವುದನ್ನು ಒಮ್ಮೆಯಾದರೂ ಅನುಭವಿಸಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನವರಿಗೆ ಇದು ಎರಡು ದಿನದ ಪ್ರವಾಸ, ನಮಗೆ ನಾಲ್ಕು ದಿನ. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರದೇಶಕ್ಕೆ ವಿಮಾನ ಇಲ್ಲ. ಹಾಗಾಗಿ ಶನಿವಾರದ ಶೋಗೆ ಶುಕ್ರವಾರ, ಸೋಮವಾರ ಎರಡೂ ದಿನ ರಜೆ ಹಾಕಿ. ಇದಕ್ಕೆ ಒಪ್ಪಿಕೊಂಡರೆ ಉಳಿದದ್ದು ಸಲೀಸು.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಹೊರಡುವ ದಿನದಿಂದ ಇನ್ನೂ ಆರು ತಿಂಗಳಿಗಿಂತ ಜಾಸ್ತಿ ಅವಧಿ ಇರಬೇಕು. ಇಲ್ಲದಿದ್ದರೆ ಶೋ ಟಿಕೆಟ್ ಕೊಳ್ಳುವ ಮೊದಲೇ ನವೀಕರಿಸಿ. ಬೆಳಗಾವಿಯ ಪ್ರಧಾನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ದೊಡ್ಡವರ 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ ಇನ್ನೂ 2,000.

ಶೋ ಟಿಕೆಟ್

ಮಾರಾಟ ಶುರುವಾಗುವ ಸಮಯವನ್ನು ಅಲ್ಲಿನ ಗಡಿಯಾರದಲ್ಲಿ ಹೇಳಿರುತ್ತಾರೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 10 ಅಂದರೆ ಇಲ್ಲಿ 7:30. ಹಿಂದಿನ ರಾತ್ರಿಯೇ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನಲ್ಲಿ 'ಅಂತರರಾಷ್ಟ್ರೀಯ ಬಳಕೆ' ಆನ್ ಮಾಡಿಡಿ. ಎಷ್ಟೋ ಕಾರ್ಡುಗಳಲ್ಲಿ ಅದು ಆಫ್ ಇರುತ್ತದೆ. ಕ್ಯೂ ಬಂದು, ಸೀಟು ಆರಿಸಿ, ಹಣ ಕಟ್ಟುವಾಗ ಕಾರ್ಡ್ ಹೋಗದಿದ್ದರೆ ಆ ಸೀಟು ಬೇರೆಯವರ ಪಾಲು.

ಟಿಕೆಟ್ ಸಿಗದಿದ್ದರೆ ಸಾಮಾಜಿಕ ಜಾಲತಾಣದಲ್ಲಿ 'ಒಂದು ಎಕ್ಸ್‌ಟ್ರಾ ಇದೆ' ಎನ್ನುವವರಿಗೆ ದುಡ್ಡು ಕಳಿಸಲೇಬೇಡಿ. ಎಷ್ಟೋ ಸಲ ಆಯೋಜಕರೇ ಕೊನೆಯ ವಾರಗಳಲ್ಲಿ ಇನ್ನಷ್ಟು ಸೀಟು ಬಿಡುತ್ತಾರೆ. ಕಾಯಿರಿ.

ದಾರಿ: ಇಲ್ಲೇ ಎಡವುವುದು

ಇದನ್ನು ಅನುಭವದಿಂದ ಬರೆಯುತ್ತಿದ್ದೇನೆ. ಮೊದಲ ಸಲ ನಾನು ಶೋ ದಿನವೇ ಬೆಳಿಗ್ಗೆ ಸಾಂಬ್ರಾದಿಂದ ಬೆಂಗಳೂರಿಗೆ, ಅಲ್ಲಿಂದ ಸಿಂಗಪುರಕ್ಕೆ ಎಂದು ಬೇರೆ ಬೇರೆ ಟಿಕೆಟ್ ಮಾಡಿದ್ದೆ. ಜುಲೈ ತಿಂಗಳು, ಜಿಟಿಜಿಟಿ ಮಳೆ. ನಮ್ಮ ವಿಮಾನ ತಡವಾಗಿ ಹೊರಟಿತು. ಬೆಂಗಳೂರಿನ ಕೌಂಟರಿಗೆ ಓಡಿ ಹೋದಾಗ ಅಲ್ಲಿದ್ದ ಹುಡುಗಿ ತೂಕದ ಬೆಲ್ಟಿನ ಮೇಲೆ ಅಡ್ಡಪಟ್ಟಿ ಹಾಕುತ್ತಿದ್ದಳು. ಮುಚ್ಚಿ ಹತ್ತು ನಿಮಿಷವಾಗಿತ್ತು. ಎರಡು ಟಿಕೆಟ್‌ಗಳ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಬೇರೆಯಾದ್ದರಿಂದ ಮೊದಲ ವಿಮಾನ ತಡವಾದ ಹೊಣೆ ಎರಡನೆಯವರದಲ್ಲ. ಆ ಶೋ ನಾನು ನೋಡಲಿಲ್ಲ. ಸಂಜೆ, ಅಲ್ಲಿ ಶೋ ಶುರುವಾಗುವ ಹೊತ್ತಿಗೆ, ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ಸಿಗೆ ಕಾಯುತ್ತಿದ್ದೆ. ಅದರ ನೋವು ಇನ್ನೂ ಇದೆ.

ಹಾಗಾಗಿ ಎರಡು ನಿಯಮ. ಶೋ ದಿನ ಮನೆಯಿಂದ ಹೊರಡಬೇಡಿ. ಎರಡು ವಿಮಾನ ಹಿಡಿಯುವುದಾದರೆ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ, ಆಗದಿದ್ದರೆ ರೈಲಿನಲ್ಲಿ ಬೆಂಗಳೂರು ಸೇರಿ.

ರೈಲಿನ ಲೆಕ್ಕ ಹೀಗೆ. 2025ರ ಆಗಸ್ಟ್‌ನಿಂದ ಓಡುತ್ತಿರುವ ವಂದೇ ಭಾರತ್ ಬೆಳಗಾವಿಯಿಂದ ನಸುಕಿನಲ್ಲಿ ಹೊರಟು ಮಧ್ಯಾಹ್ನ ಎರಡರ ಸುಮಾರಿಗೆ ಬೆಂಗಳೂರು ಮುಟ್ಟುತ್ತದೆ. ಶುಕ್ರವಾರ ಅದನ್ನು ಹತ್ತಿ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ವಾಯು ವಜ್ರ ಬಸ್ಸಿದೆ. ಹೊರದೇಶದ ವಿಮಾನಗಳು ಟರ್ಮಿನಲ್ 2ರಿಂದ, ಅಲ್ಲೇ ಇಳಿಯಿರಿ. ರಾತ್ರಿ ವಿಮಾನ ಹಿಡಿದರೆ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ, ಶನಿವಾರ ಬೆಳಿಗ್ಗೆ ಸಿಂಗಪುರದ ಚಾಂಗಿ ವಿಮಾನ ನಿಲ್ದಾಣ. ಬಾಗಲಕೋಟೆ, ವಿಜಯಪುರದವರು ಗುರುವಾರವೇ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿಯಬೇಕು.

ವೀಸಾ

ನಮಗೆ ಸಿಂಗಪುರಕ್ಕೆ ವೀಸಾ ಬೇಕೇ ಬೇಕು. ಮಾನ್ಯತೆ ಪಡೆದ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಕಮಿಷನ್ ಬೇರೆ. ವೀಸಾ ಸಿಗದಿದ್ದರೂ ಶುಲ್ಕ ವಾಪಸ್ ಬರುವುದಿಲ್ಲ. ಫೋಟೊ ಬಿಳಿ ಹಿನ್ನೆಲೆಯಲ್ಲಿ 35x45 ಮಿ.ಮೀ. ಇರಬೇಕು, ಸ್ಟುಡಿಯೊದವರಿಗೆ ಅಳತೆ ಹೇಳಿಯೇ ತೆಗೆಸಿ. ಹೋಟೆಲನ್ನು ರದ್ದು ಮಾಡಿದರೆ ಹಣ ವಾಪಸ್ ಬರುವಂತೆ ಕಾಯ್ದಿರಿಸಿ. ಶೋಗೆ ಒಂದು ವಾರ ಇರುವಾಗ ವೀಸಾಕ್ಕೆ ಓಡಾಡಬೇಡಿ.

ಸಿಂಗಪುರ ತಲುಪುವ ಮುಂಚಿನ ಮೂರು ದಿನದೊಳಗೆ 'ಎಸ್‌ಜಿ ಅರೈವಲ್ ಕಾರ್ಡ್' ಅನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರದ ತಾಣವಲ್ಲ ಅಂತಲೇ ಅರ್ಥ.

ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ಕರದಂಟು ಕಟ್ಟಿಕೊಳ್ಳುವ ಮುಂಚೆ ಅದರಲ್ಲಿ ಗಸಗಸೆ ಇದೆಯಾ ಕೇಳಿ. ಅಂಟಿನ ಉಂಡೆಗೂ ಇದೇ ಮಾತು. ಸಿಂಗಪುರದಲ್ಲಿ ಗಸಗಸೆ ನಿಷೇಧಿತ ವಸ್ತು. ನಮ್ಮ ಅಡುಗೆಮನೆಯ ಸಾಮಾನು ಅಲ್ಲಿ ಮಾದಕ ವಸ್ತು ವಿಭಾಗದ ತಕರಾರಾಗುತ್ತದೆ. ತಂಬಾಕು, ಗುಟ್ಕಾ, ಇ-ಸಿಗರೇಟ್ ಬೇಡವೇ ಬೇಡ. ಚ್ಯೂಯಿಂಗ್ ಗಮ್ ಕೂಡ 1992ರಿಂದ ಒಳಗೆ ತರುವಂತಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ, ರಾತ್ರಿ ಹನ್ನೆರಡಕ್ಕೆ ಹೋಟೆಲ್ ರೂಮಿನಲ್ಲಿ ಅದೇ ಊಟ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಅಲ್ಲಿನ ಪ್ಲಗ್ ಚಪ್ಪಟೆ ಮೂರು ಪಿನ್ನಿನದು, ಅಡಾಪ್ಟರ್ ಬೇಕು.

ಇನ್ನು ಇಯರ್‌ಪ್ಲಗ್. ಇದನ್ನು ಮಾತ್ರ ಮರೆಯಬೇಡಿ. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಡೆದೀತು. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಹದಿನೈದೇ ನಿಮಿಷ. ರಾಕ್ ಶೋ ನಡೆಯುವುದು ಆ ಮಟ್ಟದಲ್ಲೇ, ಅದೂ ಎರಡು ಗಂಟೆ. ಸ್ಪಂಜಿನ ಪ್ಲಗ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಬತ್ತಿ ಒಳಗೆ ಹೋದ ಮೇಲೆ ಇಪ್ಪತ್ತು ಎಣಿಸುವವರೆಗೆ ಬೆರಳಿನಿಂದ ಒತ್ತಿಡಿ. ಅದು ಹಿಗ್ಗಿ ಕೂರುತ್ತದೆ. ಹಾಡು ಕೇಳದೇ ಹೋಗುವುದಿಲ್ಲ, ಚುಚ್ಚುವ ಸದ್ದು ಕಡಿಮೆಯಾಗುತ್ತದೆ ಅಷ್ಟೆ. ಮೊದಲು ಮನೆಯಲ್ಲಿ ಎರಡು ಸಲ ಹಾಕಿ ತೆಗೆದು ರೂಢಿ ಮಾಡಿಕೊಳ್ಳಿ.

ಶೋ ದಿನ

ಚಾಂಗಿಯಿಂದ ಎಂಆರ್‌ಟಿ ಮೆಟ್ರೊ ಹಿಡಿಯಿರಿ. ತಾನಾ ಮೇರಾದಲ್ಲಿ ಹಸಿರು ಗೆರೆಯ ರೈಲಿಗೆ ಬದಲಿಸಬೇಕು. ಟ್ಯಾಪ್ ಮಾಡುವ ವೀಸಾ, ಮಾಸ್ಟರ್‌ಕಾರ್ಡ್‌ಗಳು ನೇರ ಗೇಟಿನಲ್ಲೇ ನಡೆಯುತ್ತವೆ. ಲ್ಯಾವೆಂಡರ್ ನಿಲ್ದಾಣದ ಸುತ್ತ ರೂಮು ಹಿಡಿಯುವುದು ನನಗೆ ಇಷ್ಟ, ದೊಡ್ಡ ಶೋ ನಡೆಯುವ ನ್ಯಾಷನಲ್ ಸ್ಟೇಡಿಯಂಗೆ ಹತ್ತಿರದ ಕಾಲಾಂಗ್ ನಿಲ್ದಾಣ ಅಲ್ಲಿಂದ ಒಂದೇ ಸ್ಟಾಪ್. ಮಧ್ಯಾಹ್ನ ಊರು ಸುತ್ತುವ ಆಸೆ ಬಿಟ್ಟು ಮಲಗಿ. ರಾತ್ರಿ ವಿಮಾನದಲ್ಲಿ ಕೂತು ಬಂದ ಕಾಲು ಸಂಜೆ ನಾಲ್ಕು ತಾಸು ನಿಲ್ಲಬೇಕು.

2014ರಲ್ಲಿ ತೆರೆದ ನ್ಯಾಷನಲ್ ಸ್ಟೇಡಿಯಂನಲ್ಲಿ ಸುಮಾರು 55,000 ಜನ ಕೂರಬಹುದು. ಮೇಲ್ಛಾವಣಿ ಮುಚ್ಚುತ್ತದೆ, ಮಳೆಯ ಭಯವಿಲ್ಲ. ಒಳಗೆ ಬಿಡುವ ಬ್ಯಾಗಿನ ಅಳತೆ ಟಿಕೆಟಿನ ಮೇಲ್‌ನಲ್ಲಿ ಇರುತ್ತದೆ, ಓದಿಕೊಳ್ಳಿ. ಶೋ ಮುಗಿದಾಗ ಎಲ್ಲರೂ ಎದುರಿನ 'ಸ್ಟೇಡಿಯಂ' ಮೆಟ್ರೊ ನಿಲ್ದಾಣಕ್ಕೇ ನುಗ್ಗುತ್ತಾರೆ. ನೀವು ಕಾಲಾಂಗ್‌ಗೆ ನಡೆದುಬಿಡಿ. ಮೆಟ್ರೊ ಮಧ್ಯರಾತ್ರಿಯ ಸುಮಾರಿಗೆ ನಿಲ್ಲುತ್ತದೆ, ಅದಕ್ಕೇ ಬರುವಾಗಲೇ ದಾರಿ ನೋಡಿಟ್ಟಿರಿ.

ವಾಪಸ್

ಭಾನುವಾರ ಬೆಳಿಗ್ಗೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಹೋಗಿ. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್‌ನಲ್ಲಿ ದೋಸೆ ಸಿಗುತ್ತದೆ. ಸಂಜೆಯ ವಿಮಾನ ಹಿಡಿದರೆ ರಾತ್ರಿ ಬೆಂಗಳೂರು, ಅಲ್ಲೇ ಮಲಗಿ. ಸೋಮವಾರ ಮಧ್ಯಾಹ್ನದ ವಂದೇ ಭಾರತ್ ಟಿಕೆಟನ್ನು, ಹೋಗುವ ಟಿಕೆಟಿನ ಜೊತೆಗೇ ಮಾಡಿಸಿರಿ. ಅದು ತಪ್ಪಿದರೂ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಮಂಗಳವಾರ ಬೆಳಿಗ್ಗೆ ಬೆಳಗಾವಿ.