ಕರ್ಸರ್‌ಗೆ ಲಾಳಿಯ ರೂಪ: ಡೆಸ್ಕ್‌ಟಾಪ್ ಆ್ಯಪ್‌ಗೆ ಸ್ವಂತ ಕರ್ಸರ್ ಮಾಡುವುದು ಹೇಗೆ?

ಗದಗ-ಬೆಟಗೇರಿಯ ನೇಕಾರರೊಬ್ಬರಿಗಾಗಿ ಸೀರೆಯ ಅಂಚಿನ ವಿನ್ಯಾಸವನ್ನು ಗ್ರಾಫ್ ಹಾಳೆಯ ಚೌಕಗಳಂತೆ ತುಂಬುವ ಪುಟ್ಟ ಆ್ಯಪ್ ಒಂದನ್ನು ಪೈಥಾನ್ ಭಾಷೆ ಮತ್ತು ಕಿಟಕಿ, ಬಟನ್‌ಗಳನ್ನು ಕಟ್ಟಲು ನೆರವಾಗುವ ಕ್ಯೂಟಿ (Qt) ಬಳಸಿ ಬರೆಯುತ್ತಿದ್ದೆ. ಬಾಣದ ಗುರುತಿನ ಬದಲು ಲಾಳಿಯೇ ಪರದೆಯ ಮೇಲೆ ಓಡಾಡಲಿ ಎಂದು ಚಿತ್ರ ಬರೆದು ಜೋಡಿಸಿದೆ. ಅವರು ಎರಡು ಸಲ ಕ್ಲಿಕ್ ಮಾಡಿ, "ಸರ, ಲಾಳಿ ತುದಿ ಇಲ್ಲಿ ಐತಿ, ಬಣ್ಣ ಅಲ್ಲಿ ಬೀಳಾಕತ್ತೈತಿ ನೋಡ್ರಿ" ಎಂದರು. ಕರ್ಸರ್ ತಯಾರಿಕೆಯಲ್ಲಿ ಚಿತ್ರಕ್ಕಿಂತ ಹೆಚ್ಚು ಗಮನ ಬೇಡುವುದು ಇದೇ ತುದಿ.

ಮೊದಲು ಚಿತ್ರ. ಗಿಂಪ್‌ನಂತಹ ಯಾವುದೇ ತಂತ್ರಾಂಶದಲ್ಲಿ 32×32 ಪಿಕ್ಸೆಲ್ ಅಳತೆಯ, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಕಡತವನ್ನು ಮಾಡಿಕೊಳ್ಳಿ. ಎಲ್ಲ ಕಾರ್ಯಾಚರಣಾ ವ್ಯವಸ್ಥೆಗಳಲ್ಲೂ ನಡೆಯುವ ಅಳತೆ ಇದು. ಕಪ್ಪು ಗೆರೆಯ ಹೊರಗೆ ಒಂದು ಪಿಕ್ಸೆಲ್ ಬಿಳಿ ಅಂಚು ಕೊಟ್ಟರೆ, ಕಡುಗೆಂಪು ಚೌಕದ ಮೇಲೂ ಖಾಲಿ ಹಾಳೆಯ ಮೇಲೂ ಲಾಳಿ ಎದ್ದು ಕಾಣುತ್ತದೆ.

ಇನ್ನು ಹಾಟ್‌ಸ್ಪಾಟ್. 32×32ರ ಇಡೀ ಚಿತ್ರದಲ್ಲಿ ಕ್ಲಿಕ್ ಎಂದು ಲೆಕ್ಕಕ್ಕೆ ಬರುವುದು ಒಂದೇ ಬಿಂದು. ಕ್ಯೂಟಿಯಲ್ಲಿ ಕರ್ಸರ್ ರಚಿಸುವ ಕ್ಯೂಕರ್ಸರ್‌ಗೆ (QCursor) ಚಿತ್ರವನ್ನಷ್ಟೇ ಕೊಟ್ಟು ಬಿಂದುವನ್ನು ಹೇಳದಿದ್ದರೆ ಅದು ಚಿತ್ರದ ನಟ್ಟನಡುವಿನ (16, 16) ಅನ್ನು ಹಿಡಿದುಕೊಳ್ಳುತ್ತದೆ. ನನ್ನ ಲಾಳಿಯ ತುದಿ ಇದ್ದದ್ದು ಮೇಲಿನ ಎಡಮೂಲೆಯಲ್ಲಿ, ಎರಡೂ ದಿಕ್ಕಿನಿಂದ ಮೂರನೆಯ ಪಿಕ್ಸೆಲ್‌ನಲ್ಲಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅದು (2, 2). ವ್ಯತ್ಯಾಸ 14 ಪಿಕ್ಸೆಲ್. ಒಂದು ಚೌಕದ ಅಗಲ 8 ಪಿಕ್ಸೆಲ್ ಆಗಿದ್ದುದರಿಂದ ಬಣ್ಣವು ಒಂದೆರಡು ಚೌಕ ಬಲಕ್ಕೂ ಕೆಳಕ್ಕೂ ಜಾರಿ ಬೀಳುತ್ತಿತ್ತು. ಚಿತ್ರದ ಜೊತೆಗೆ 2, 2 ಎಂಬ ಎರಡು ಅಂಕಿಗಳನ್ನು ಕೊಟ್ಟ ಕೂಡಲೇ ದೋಷ ಸರಿಹೋಯಿತು. ವಿಂಡೋಸ್‌ನ ಸಿಯುಆರ್ (.cur) ಎಂಬ ಕರ್ಸರ್ ಕಡತವಾದರೆ ಹಾಟ್‌ಸ್ಪಾಟ್ ಕಡತದ ಒಳಗೇ ಇರುತ್ತದೆ. ಪಿಎನ್‌ಜಿಗೆ ಆ ಅನುಕೂಲವಿಲ್ಲ, ನಾವೇ ಹೇಳಬೇಕು. ಜಾವಾದಲ್ಲಿ ಬಿಂದುವು ಚಿತ್ರದ ಅಳತೆಯ ಆಚೆ ಹೋದರೆ ಆ್ಯಪ್ ನೇರವಾಗಿ ದೋಷ ಎಸೆಯುತ್ತದೆ, ಅದು ಒಂದು ರೀತಿಯಲ್ಲಿ ಒಳ್ಳೆಯದೇ.

ಚಿತ್ರವನ್ನು ಓದುವ ಕ್ಯೂಪಿಕ್ಸ್‌ಮ್ಯಾಪ್ (QPixmap) ಅನ್ನು, ಇಡೀ ಆ್ಯಪ್ ಅನ್ನು ನಡೆಸುವ ಕ್ಯೂಅಪ್ಲಿಕೇಶನ್ (QApplication) ಹುಟ್ಟಿದ ನಂತರವೇ ರಚಿಸಬೇಕು. ಕಡತದ ದಾರಿ ತಪ್ಪಾಗಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುವುದಿಲ್ಲ, ಖಾಲಿ ಚಿತ್ರ ಇಟ್ಟುಕೊಂಡು ಮುಂದೆ ಸಾಗುತ್ತದೆ; ಆದ್ದರಿಂದ ಚಿತ್ರ ಖಾಲಿಯೇ ಎಂದು ಹೇಳುವ ಈಸ್‌ನಲ್ (isNull) ಅನ್ನು ಕೇಳಿ ಖಚಿತಪಡಿಸಿಕೊಳ್ಳಿ. ಆಮೇಲೆ ಕರ್ಸರ್ ತೊಡಿಸುವ ಸೆಟ್‌ಕರ್ಸರ್ (setCursor) ಅನ್ನು ಇಡೀ ಕಿಟಕಿಗಲ್ಲ, ಚೌಕಗಳಿರುವ ಕ್ಯಾನ್ವಾಸ್‌ಗೆ ಮಾತ್ರ ಅನ್ವಯಿಸಿ. ಕಿಟಕಿಗೇ ಹಾಕಿದರೆ ಅದರೊಳಗಿನ ಬಟನ್‌ಗಳೂ ಅದನ್ನೇ ಪಡೆದು, 'ಉಳಿಸು' ಒತ್ತಲು ಹೋದವರ ಕೈಯಲ್ಲೂ ಲಾಳಿಯೇ ಇರುತ್ತದೆ.

ದೊಡ್ಡ ವಿನ್ಯಾಸವನ್ನು ಉಳಿಸುವಾಗ ತೋರಿಸುವ 'ಕಾಯಿರಿ' ಕರ್ಸರ್‌ನ ವಿಷಯ ಬೇರೆ. ಅದನ್ನು ಇಡೀ ಆ್ಯಪ್‌ಗೆ ತಾತ್ಕಾಲಿಕವಾಗಿ ಹಾಕುವ ಸೆಟ್‌ಓವರ್‌ರೈಡ್‌ಕರ್ಸರ್ (setOverrideCursor) ಕರ್ಸರ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. ಎರಡು ಸಲ ಕರೆದು ಒಂದೇ ಸಲ ಹಿಂತೆಗೆದರೆ ಕಾಯಿಸುವ ಗುರುತು ಪರದೆಯ ಮೇಲೆಯೇ ಉಳಿಯುತ್ತದೆ. ನಡುವೆ ದೋಷ ಬಂದರೂ ಹಿಂತೆಗೆಯುವ ಸಾಲು ತಪ್ಪದಂತೆ ಅದನ್ನು ಪೈಥಾನ್‌ನ ಫೈನಲಿ (finally) ಭಾಗದಲ್ಲಿ ಬರೆಯುವುದೇ ವಾಸಿ.

ಹೆಚ್ಚು ಸಾಂದ್ರತೆಯ ಪರದೆಗೆ 64×64ರ ಚಿತ್ರ ಬರೆದು, ಪಿಕ್ಸೆಲ್ ಅನುಪಾತ 2 ಎಂದು ಕ್ಯೂಪಿಕ್ಸ್‌ಮ್ಯಾಪ್‌ಗೆ ತಿಳಿಸಿದರೆ ಅಂಚುಗಳು ಮಸುಕಾಗುವುದಿಲ್ಲ. ಹಾಟ್‌ಸ್ಪಾಟ್ ಮಾತ್ರ ಹಳೆಯ ಲೆಕ್ಕದಲ್ಲೇ (2, 2) ಇರಬೇಕು, ಅದನ್ನು ಇಮ್ಮಡಿ ಮಾಡಬಾರದು.

ಕೊನೆಗೆ ಆ ನೇಕಾರರು ಇನ್ನೊಂದನ್ನು ಕೇಳಿದರು: ಆರಿಸಿದ ನೂಲಿನ ಬಣ್ಣ ಲಾಳಿಯ ಹೊಟ್ಟೆಯಲ್ಲೇ ಕಾಣಬೇಕು. ಮೂಲ ಚಿತ್ರದ ನಕಲಿನ ಮೇಲೆ ಕ್ಯೂಪೇಂಟರ್‌ನಿಂದ ಬಣ್ಣ ಬಳಿದರಷ್ಟೇ ಸಾಲದು, ಪರದೆಯ ಮೇಲಿರುವ ಕರ್ಸರ್ ತಾನಾಗಿ ಬದಲಾಗುವುದಿಲ್ಲ. ಪ್ರತಿ ಬಣ್ಣಕ್ಕೂ ಅದೇ ಹಾಟ್‌ಸ್ಪಾಟ್ ಕೊಟ್ಟು ಹೊಸ ಕ್ಯೂಕರ್ಸರ್ ರಚಿಸಿ, ಸೆಟ್‌ಕರ್ಸರ್ ಅನ್ನು ಮತ್ತೆ ಕರೆಯಬೇಕು.